ಲಿವರ್‌ಗೊಂದು ಪಥ್ಯ, ಕರುಳಿಗೊಂದು ಪಥ್ಯ: ಎರಡನ್ನೂ ಒಂದೇ ತಟ್ಟೆಗೆ ಬಡಿಸುವುದು ಹೇಗೆ?

ಪ್ರಶ್ನೆ: ನನಗೆ 46 ವರ್ಷ. ತವರು ಮೂಡಿಗೆರೆ ಕಡೆಯ ಹಳ್ಳಿ, ಈಗ ಹಾಸನದಲ್ಲಿ ಕಚೇರಿ ಕೆಲಸ. ಎತ್ತರ 155 ಸೆಂ.ಮೀ., ತೂಕ 68 ಕೆ.ಜಿ. ಆರೇಳು ವರ್ಷಗಳಿಂದ ಹೊಟ್ಟೆ ಉಬ್ಬರ, ಆಗಾಗ ನುಲಿತ. ಶೌಚಕ್ಕೆ ಹೋಗಿ ಬಂದರೆ ಸ್ವಲ್ಪ ಸಮಾಧಾನ. ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ಎಂದಿದ್ದಾರೆ. ಹೊಟ್ಟೆ ತೀರಾ ಕೆಟ್ಟಾಗ ಔಷಧಿ ಅಂಗಡಿಯಿಂದ ಆಮಶಂಕೆ ಮಾತ್ರೆ ತಂದು ನುಂಗುತ್ತೇನೆ. ಎರಡು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆಯನ್ನು ಎರಡು ಹೊತ್ತು ತೆಗೆದುಕೊಳ್ಳುತ್ತಿದ್ದೇನೆ. ಮಾತ್ರೆ ಶುರುವಾದ ಮೇಲೆ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಕಳೆದ ತಿಂಗಳು ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಎಂದು ಬಂತು. ಲಿವರ್ ಕಿಣ್ವಗಳಾದ ಎಸ್‌ಜಿಪಿಟಿ 58, ಎಸ್‌ಜಿಒಟಿ 42, ಪ್ಲೇಟ್‌ಲೆಟ್ 2.4 ಲಕ್ಷ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 230, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.6. ನಮ್ಮ ಮನೆಯಲ್ಲಿ ಮದ್ಯ ಮುಟ್ಟುವವರೇ ಇಲ್ಲ. ಲಿವರ್‌ಗಾಗಿ ಕಾಳು, ಸೊಪ್ಪು, ರಾಗಿ ಹೆಚ್ಚು ತಿನ್ನಿ ಎನ್ನುತ್ತಾರೆ ಒಬ್ಬ ವೈದ್ಯರು. ಕರುಳಿಗಾಗಿ ಕಾಳು, ಈರುಳ್ಳಿ, ಹಾಲು, ಕಾಫಿ ಬಿಡಿ ಎನ್ನುತ್ತಾರೆ ಇನ್ನೊಬ್ಬರು. ಈ ಕಾಯಿಲೆಗಳಿಗೆ ಒಂದಕ್ಕೊಂದು ಸಂಬಂಧವಿದೆಯೇ? ಯಾರ ಮಾತು ಕೇಳಲಿ? ಲಿವರ್ ಶುದ್ಧಿ ಮಾಡುತ್ತದೆ ಎನ್ನುವ ಪುಡಿಯನ್ನು ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ‘ಮಾತ್ರೆ ಶುರುವಾದ ಮೇಲೆ’ ಎಂಬಲ್ಲಿ ಕಣ್ಣು ನಿಂತಿತು. ಕಾಯಿಲೆಗಳ ಸಂಬಂಧದ ದೊಡ್ಡ ಮಾತಿಗೆ ಹೋಗುವ ಮೊದಲು ಈ ಸಣ್ಣ ಗಂಟನ್ನು ಬಿಚ್ಚಿಕೊಳ್ಳೋಣ. ನಿಮ್ಮ ಬೆಳಗಿನ ಪರದಾಟದ ಒಂದು ದೊಡ್ಡ ಪಾಲು ಇದರಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಯ ಪಿಷ್ಟ ಸಣ್ಣ ಕರುಳಿನಲ್ಲಿ ಒಡೆದು ಸಕ್ಕರೆಯಾಗಿ ರಕ್ತ ಸೇರುತ್ತದೆ. ಆ ಒಡೆಯುವ ಕೆಲಸವನ್ನು ನಿಧಾನಗೊಳಿಸುವುದೇ ವೋಗ್ಲಿಬೋಸ್. ಊಟವಾದ ಮೇಲೆ ಸಕ್ಕರೆ ಏರದಿರಲೆಂದು ಅದನ್ನು ಕೊಡುತ್ತಾರೆ. ಆದರೆ ಅಲ್ಲಿ ಒಡೆಯದೆ ಉಳಿದ ಪಿಷ್ಟ ಮುಂದಕ್ಕೆ ಸಾಗಿ ದೊಡ್ಡ ಕರುಳು ತಲುಪಲೇಬೇಕು. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಬರುವಂತೆ ಅದು ಹುದುಗುತ್ತದೆ, ಗ್ಯಾಸ್ ತುಂಬುತ್ತದೆ, ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಮೊದಲೇ ಕೆರಳಿದ ಕರುಳಿದ್ದವರಿಗೆ ಇದು ಎರಡು ಪಟ್ಟು ಕಾಡುತ್ತದೆ. ಮೆಟ್‌ಫಾರ್ಮಿನ್ ಕೂಡ ಹಿಂದೆ ಬಿದ್ದಿಲ್ಲ. ಸಕ್ಕರೆ ಕಾಯಿಲೆಗೆ ಅದು ಒಳ್ಳೆಯ ಮಾತ್ರೆ, ಆದರೆ ಅನೇಕರಿಗೆ ಮಲವನ್ನು ಸಡಿಲ ಮಾಡುತ್ತದೆ. ಗ್ಲಿಮಿಪಿರೈಡ್ ಕರುಳಿನ ತಂಟೆಗೆ ಬರುವುದಿಲ್ಲ, ಆದರೆ ತೂಕ ಏರಿಸುವ ಸ್ವಭಾವದ್ದು. ಲಿವರ್‌ಗಾಗಿ ತೂಕ ಇಳಿಸಿ ಎಂದು ಹೇಳಿ, ತೂಕ ಏರಿಸುವ ಮಾತ್ರೆಯನ್ನು ಯೋಚಿಸದೆ ಮುಂದುವರಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಏಕಾಏಕಿ ಏರಿದರೆ ಇನ್ನೊಂದು ತೊಂದರೆ. ನಿಮ್ಮ ವೈದ್ಯರ ಎದುರು ಮಾತ್ರೆಯ ಪಟ್ಟಿಯನ್ನೇ ಇಟ್ಟು ಕೇಳಿ: ವೋಗ್ಲಿಬೋಸ್ ತೆಗೆಯಬಹುದೇ? ಮೆಟ್‌ಫಾರ್ಮಿನ್ ಅನ್ನು ನಿಧಾನವಾಗಿ ಕರಗುವ ಬಗೆಗೆ ಬದಲಿಸಿ ಊಟದ ಜೊತೆ ಕೊಡಬಹುದೇ? ಗ್ಲಿಮಿಪಿರೈಡ್ ಬದಲು ತೂಕ ಇಳಿಸಲು ನೆರವಾಗುವ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ನಂಥದ್ದು ನನಗೆ ಹೊಂದುತ್ತದೆಯೇ? ಮೂರು ಔಷಧಿ ಒಂದೇ ಮಾತ್ರೆಯಲ್ಲಿದ್ದಾಗ ಒಂದನ್ನು ಮಾತ್ರ ಹೆಚ್ಚು ಕಡಿಮೆ ಮಾಡಲಾಗುವುದಿಲ್ಲ. ಹಾಗಾಗಿ ಬಿಡಿ ಮಾತ್ರೆಗಳಿಗೆ ಬರುವುದೇ ಮೊದಲ ಹೆಜ್ಜೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಅದನ್ನೂ ಒಮ್ಮೆ ನೋಡಿಸಿಕೊಳ್ಳಿ.

ಇನ್ನು ಗ್ರೇಡ್ 2. ಈ ಎರಡು ಪದ ಓದಿ ನಿದ್ದೆಗೆಟ್ಟವರು ನನ್ನ ಬಳಿ ವಾರಕ್ಕೆ ಹತ್ತು ಮಂದಿಯಾದರೂ ಬರುತ್ತಾರೆ. ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದು ಲಿವರ್ ಎಷ್ಟು ಬೆಳ್ಳಗೆ ಕಾಣುತ್ತಿದೆ, ಎಂದರೆ ಅಂದಾಜು ಎಷ್ಟು ಕೊಬ್ಬು ಸೇರಿದೆ ಎಂಬುದನ್ನು ಮಾತ್ರ. ಲಿವರ್ ಗಟ್ಟಿಯಾಗುತ್ತಿದೆಯೇ, ಒಳಗೆ ಗಾಯದ ಕಲೆ ಬಿದ್ದಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಮುಂದೆ ಸಿರೋಸಿಸ್‌ಗೆ, ಎಂದರೆ ಲಿವರ್ ಪೂರ್ತಿ ಗಟ್ಟಿಯಾಗಿ ಕೆಡುವುದಕ್ಕೆ, ದಾರಿ ಮಾಡುವುದು ಆ ಕಲೆ. ಅದನ್ನೇ ಫೈಬ್ರೋಸಿಸ್ ಎನ್ನುತ್ತೇವೆ. ಗ್ರೇಡ್ 1 ಇದ್ದವರಲ್ಲೂ ಫೈಬ್ರೋಸಿಸ್ ಇರಬಹುದು, ಗ್ರೇಡ್ 3 ಇದ್ದವರಲ್ಲಿ ಇಲ್ಲದಿರಬಹುದು. ಎಸ್‌ಜಿಪಿಟಿ ಸರಿಯಿದೆ ಎಂದ ಮಾತ್ರಕ್ಕೆ ಲಿವರ್ ಸರಿಯಿದೆ ಎಂದೂ ಅಲ್ಲ.

ಒಳ್ಳೆಯ ಸಂಗತಿಯೆಂದರೆ, ಕಲೆಯ ಅಪಾಯ ಅಂದಾಜು ಮಾಡಲು ಬೇಕಾದ ಅಂಕಿಗಳನ್ನೆಲ್ಲ ನೀವೇ ಬರೆದು ಕಳಿಸಿದ್ದೀರಿ. ಫಿಬ್-4 ಎಂಬ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 46ಕ್ಕೆ 42, ಬಂದದ್ದು 1932. ಪ್ಲೇಟ್‌ಲೆಟ್ 2.4 ಲಕ್ಷವೆಂದರೆ 240 ಸಾವಿರ, ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ, ಎಂದರೆ ಸುಮಾರು 7.6ರಿಂದ ಗುಣಿಸಿದರೆ 1824. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 1.06. ಇದು 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ತೀರಾ ಕಡಿಮೆ. 2.67 ದಾಟಿದರೆ ತಡಮಾಡದೆ ತಜ್ಞರನ್ನು ಕಾಣಬೇಕು. ನಿಮ್ಮದು ಸುರಕ್ಷಿತ ಬದಿಯಲ್ಲಿದೆ. ಸಕ್ಕರೆ ಕಾಯಿಲೆ ಇರುವುದರಿಂದ ಇದೇ ಲೆಕ್ಕವನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮತ್ತೆ ಮಾಡಬೇಕು. ಸಾಧ್ಯವಾದರೆ ಒಂದು ಸಲ ಫೈಬ್ರೋಸ್ಕ್ಯಾನ್ ಮಾಡಿಸಿ, ಅದರಲ್ಲಿ ಗಡಸುತನ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಇನ್ನಷ್ಟು ನೆಮ್ಮದಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಎಂದೂ ಆಗಿಲ್ಲವಾದರೆ ಅದೂ ಒಮ್ಮೆ ಆಗಲಿ, ಥೈರಾಯ್ಡ್ ಕೂಡ.

ಮದ್ಯದ ಬಗ್ಗೆ ನೀವು ಬರೆದ ಸಾಲಿನಲ್ಲಿ ಒಂದು ಸಂಕೋಚ ಕಂಡಿತು. ಲಿವರ್ ಕಾಯಿಲೆ ಎಂದ ಕೂಡಲೇ ಜನ ಅನುಮಾನದ ಕಣ್ಣಿನಿಂದ ನೋಡುತ್ತಾರೆ, ಹೆಂಗಸರಾದರೆ ಇನ್ನೂ ಹೆಚ್ಚು. ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜಗತ್ತಿನ ವಯಸ್ಕರಲ್ಲಿ ಶೇ 30ರಷ್ಟು ಮಂದಿಗೆ ಫ್ಯಾಟಿ ಲಿವರ್ ಇದೆ, ಬಹುತೇಕರಲ್ಲಿ ಅದರ ಬೇರು ಇರುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರಲ್ಲಿ. ‘ಮದ್ಯದಿಂದಲ್ಲದ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು, ದೇಹದ ಚಯಾಪಚಯ ಕೆಟ್ಟು ಬರುವ ಲಿವರ್ ಕೊಬ್ಬು ಎಂಬ ಅರ್ಥದ ಹೊಸ ಹೆಸರನ್ನು 2023ರಲ್ಲಿ ವೈದ್ಯಲೋಕ ಒಪ್ಪಿಕೊಂಡಿತು. ಕುಡಿಯುವ ಓದುಗರಿಗೆ ಒಂದು ಲೆಕ್ಕ: ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿಯ 60 ಮಿ.ಲೀ.ನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲ್ ಇರುತ್ತದೆ, ಒಂದು ಕ್ವಾರ್ಟರ್‌ನಲ್ಲಿ 60 ಗ್ರಾಂ. ದಿನಕ್ಕೆ ಹೆಂಗಸರಿಗೆ 20, ಗಂಡಸರಿಗೆ 30 ಗ್ರಾಂ ದಾಟಿದರೆ ಲಿವರ್ ಕೊಬ್ಬಿನಲ್ಲಿ ಮದ್ಯದ ಪಾಲನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಲಿವರ್‌ನಲ್ಲಿ ಆಗಲೇ ಕೊಬ್ಬಿರುವವರಿಗೆ ಆ ಮಿತಿಯೊಳಗಿನ ಕುಡಿತವೂ ಬೇಡ.

ಈಗ ನೀವು ಕೇಳಿದ ಸಂಬಂಧ. ಕರುಳಿಗೂ ಲಿವರ್‌ಗೂ ನಡುವೆ ಇರುವುದು ಒಂದು ಹೊಳೆಯ ಸಂಬಂಧ ಎನ್ನಬಹುದು. ನಿಮ್ಮ ತವರು ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟೆಗೆ ಬರುತ್ತದಲ್ಲ, ಹಾಗೆ ಕರುಳಿನಿಂದ ಹೊರಡುವ ರಕ್ತವೆಲ್ಲ ಪೋರ್ಟಲ್ ಎಂಬ ಒಂದೇ ದೊಡ್ಡ ನಾಳದಲ್ಲಿ ಕೂಡಿ ನೇರವಾಗಿ ಲಿವರ್‌ಗೆ ಬಂದು ಬೀಳುತ್ತದೆ. ಲಿವರ್‌ಗೆ ಸಿಗುವ ರಕ್ತದ ಮುಕ್ಕಾಲು ಪಾಲು ಇದೇ. ಮೇಲೆ ತೋಟಗಳ ಇಳಿಜಾರಿನಲ್ಲಿ ಮಣ್ಣು ಸಡಿಲವಾಗಿದ್ದರೆ ಹೂಳು ತುಂಬುವುದು ಕೆಳಗಿನ ಜಲಾಶಯದಲ್ಲಿ. ಕರುಳಿನ ಒಳಪದರ ಬಿಗಿಯಾಗಿದ್ದಾಗ ಬ್ಯಾಕ್ಟೀರಿಯಾಗಳು, ಅವುಗಳ ವಿಷದ ತುಣುಕುಗಳು ಆಚೆ ದಾಟುವುದಿಲ್ಲ. ಸಕ್ಕರೆ, ಕೊಬ್ಬು ತುಂಬಿದ, ನಾರಿಲ್ಲದ ಊಟದಿಂದ ಆ ಪದರ ಸಡಿಲಗೊಂಡರೆ ಆ ತುಣುಕುಗಳು ಸೋರಿ ಲಿವರ್ ಸೇರುತ್ತವೆ, ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಸುಮ್ಮನೆ ಕುಳಿತಿದ್ದ ಕೊಬ್ಬು ಲಿವರ್ ಅನ್ನು ಕೆಡಿಸುವ ಕೊಬ್ಬಾಗಲು ಈ ಉರಿಯೂತವೂ ಒಂದು ಕಾರಣ.

ಲಿವರ್ ಕೂಡ ಕರುಳಿಗೆ ತನ್ನ ಕಡೆಯಿಂದ ಒಂದನ್ನು ಕಳಿಸುತ್ತದೆ: ಪಿತ್ತ. ಪಿತ್ತರಸದ ಆಮ್ಲಗಳನ್ನು ಲಿವರ್ ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ. ಊಟದ ಕೊಬ್ಬನ್ನು ಜೀರ್ಣಿಸಿದ ಮೇಲೆ ಅವುಗಳಲ್ಲಿ ಶೇ 95ರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ಮರಳಿ ಹೀರಲ್ಪಟ್ಟು ಲಿವರ್‌ಗೆ ವಾಪಸಾಗುತ್ತವೆ. ಈ ಓಡಾಟದಲ್ಲಿ ಎಡವಟ್ಟಾಗಿ ಹೆಚ್ಚಿನ ಪಿತ್ತಾಮ್ಲ ದೊಡ್ಡ ಕರುಳಿಗೆ ಇಳಿದರೆ ಅದು ನೀರನ್ನು ಹೊರಗೆಳೆಯುತ್ತದೆ: ಅವಸರದ, ನೀರಾದ ಶೌಚ. ಭೇದಿ ಮುಖ್ಯವಾಗಿರುವ ಐಬಿಎಸ್ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರಲ್ಲಿ ಸುಮಾರು ಕಾಲು ಭಾಗದ ಜನರಿಗೆ ನಿಜವಾದ ತೊಂದರೆ ಇದು. ಪಿತ್ತಕೋಶ ತೆಗೆಸಿಕೊಂಡವರಲ್ಲೂ ಇದನ್ನು ಕಾಣುತ್ತೇವೆ. ಮೆಟ್‌ಫಾರ್ಮಿನ್ ಸಹ ಪಿತ್ತಾಮ್ಲ ಹೀರುವುದಕ್ಕೆ ಅಡ್ಡಿ ಮಾಡುತ್ತದೆ. ಮಾತ್ರೆ ಬದಲಿಸಿ ಒಂದು ತಿಂಗಳಾದರೂ ಬೆಳಗಿನ ಅವಸರ ತಗ್ಗದಿದ್ದರೆ ಈ ಸಾಧ್ಯತೆಯನ್ನು ನಿಮ್ಮ ವೈದ್ಯರಿಗೆ ನೆನಪಿಸಿ. ಇದಕ್ಕೆ ಕೊಲೆಸ್ಟಿರಮೀನ್ ಎಂಬ ಪುಡಿ ಇದೆ, ಆದರೆ ಅದು ಟ್ರೈಗ್ಲಿಸರೈಡ್ ಏರಿಸಬಹುದು. ನಿಮ್ಮದು ಈಗಾಗಲೇ 230 ಇರುವುದರಿಂದ ಕೊಡುವವರು ಅದನ್ನು ಗಮನಿಸಬೇಕು.

ಇಷ್ಟೆಲ್ಲ ಇದ್ದರೂ, ಐಬಿಎಸ್‌ನಿಂದ ನಿಮ್ಮ ಲಿವರ್ ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಫ್ಯಾಟಿ ಲಿವರ್ ಇದ್ದವರಲ್ಲಿ ಐಬಿಎಸ್ ಹೆಚ್ಚಾಗಿ ಕಾಣುವುದು ನಿಜ. ಆದರೆ ಎರಡರ ಹಿಂದೆಯೂ ಹಲವು ಸಲ ಇರುವುದು ಅದೇ ಊಟ, ಅದೇ ಕುಳಿತ ಬದುಕು, ಅದೇ ನಿದ್ದೆಗೇಡು. ಎಲ್ಲವೂ ಕರುಳಿನಿಂದಲೇ ಎಂದು ಹೇಳಿ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಮಾರುವವರ ಮಾತಿಗೆ ಮರುಳಾಗಬೇಡಿ. ಕರುಳಿನಲ್ಲಿ ಹುಣ್ಣಾಗಿ ಉರಿಯುವ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಗಳ ಕಥೆ ಬೇರೆ. ಅವು ಐಬಿಎಸ್ ಅಲ್ಲ. ಆ ಕಾಯಿಲೆ ಇರುವವರಲ್ಲಿ ತೆಳ್ಳಗಿದ್ದವರಿಗೂ ಲಿವರ್ ಕೊಬ್ಬು ಬರುತ್ತದೆ. ದೀರ್ಘಕಾಲದ ಉರಿಯೂತ, ಸ್ಟೀರಾಯ್ಡ್, ಅಪೌಷ್ಟಿಕತೆ ಎಲ್ಲವೂ ಅಲ್ಲಿ ಪಾಲುದಾರರು.

ಹಾಗಾದರೆ ಲಿವರ್‌ನಲ್ಲಿ ಕೂತ ಕೊಬ್ಬು ಎಲ್ಲಿಂದ ಬಂತು? ಬಹಳ ಜನ ಎಣ್ಣೆ, ತುಪ್ಪ ಬಿಟ್ಟು ಸುಮ್ಮನಾಗುತ್ತಾರೆ. ಫ್ಯಾಟಿ ಲಿವರ್ ಇದ್ದವರಲ್ಲಿ ಅಳೆದು ನೋಡಿದಾಗ ಆ ಕೊಬ್ಬಿನ 100 ಪಾಲಿನಲ್ಲಿ ಸುಮಾರು 60 ಪಾಲು ಮೈಯ ಕೊಬ್ಬಿನಿಂದ, ಮುಖ್ಯವಾಗಿ ಇನ್ಸುಲಿನ್ ಹಿಡಿತ ತಪ್ಪಿದ್ದರಿಂದ ಕರಗಿ ಬಂದದ್ದು. ಸುಮಾರು 25 ಪಾಲು ಮಿಕ್ಕಿದ ಸಕ್ಕರೆ, ಪಿಷ್ಟದಿಂದ ಲಿವರ್ ತಾನೇ ತಯಾರಿಸಿಕೊಂಡದ್ದು. ನಾವು ತಿಂದ ಎಣ್ಣೆ, ತುಪ್ಪದಿಂದ ನೇರವಾಗಿ ಬಂದದ್ದು 15 ಪಾಲಿನಷ್ಟು. ಹಾಗಾಗಿ ಒಗ್ಗರಣೆಯ ಎಣ್ಣೆಗಿಂತ ತಟ್ಟೆಯಲ್ಲಿನ ಅನ್ನದ ರಾಶಿ, ಲೋಟದಲ್ಲಿನ ಸಕ್ಕರೆ, ಸೊಂಟದ ಸುತ್ತಳತೆ ಈ ಮೂರನ್ನು ನೋಡಬೇಕು. ಭಾರತೀಯ ಹೆಂಗಸರಿಗೆ ಸೊಂಟದ ಮಿತಿ 80 ಸೆಂ.ಮೀ., ಗಂಡಸರಿಗೆ 90. ದರ್ಜಿಯ ಟೇಪಿನಲ್ಲಿ ಹೊಕ್ಕುಳಿನ ಮಟ್ಟದಲ್ಲಿ ಅಳೆದುಕೊಳ್ಳಿ.

ಪಥ್ಯದ ಗೊಂದಲಕ್ಕೆ ಬರುತ್ತೇನೆ. ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ, ಆದರೆ ಒಬ್ಬೊಬ್ಬರು ಒಂದೊಂದು ಅಂಗಕ್ಕೆ ಹೇಳಿದರು. ನೀವು ಎರಡನ್ನೂ ಹೊತ್ತುಕೊಂಡು ಒಂದೇ ಅಡುಗೆಮನೆಗೆ ಹೋಗಬೇಕು. ಅಲ್ಲಿ ಏನು ಮಾಡಬಹುದೆಂದು ನಿಧಾನವಾಗಿ ನೋಡೋಣ.

ಮೊದಲು ಎರಡಕ್ಕೂ ಒಂದೇ ಸಲ ಒಳಿತಾಗುವಂಥದ್ದು: ಫ್ರಕ್ಟೋಸ್ ಎಂಬ ಬಗೆಯ ಸಕ್ಕರೆಯನ್ನು ಇಳಿಸುವುದು. ತಂಪುಪಾನೀಯ, ಪೊಟ್ಟಣದ ಹಣ್ಣಿನ ರಸ, ಬಿಸ್ಕತ್ತು, ಬೇಕರಿ ತಿಂಡಿಯಲ್ಲಿನ ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ಲಿವರ್‌ಗೆ ಹೋಗಿ ಸಲೀಸಾಗಿ ಕೊಬ್ಬಾಗುತ್ತದೆ. ಕರುಳಿನಲ್ಲಿ ಪೂರ್ತಿ ಹೀರಲ್ಪಡದಿದ್ದರೆ ಹುದುಗಿ ಹೊಟ್ಟೆ ಉಬ್ಬಿಸುತ್ತದೆ. ಮಲೆನಾಡಿನವರಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು: ಜೇನುತುಪ್ಪ ಕಾಡಿನದ್ದಾದರೂ ಅದರಲ್ಲಿ ಫ್ರಕ್ಟೋಸ್ ಹೆಚ್ಚು, ಬೆಲ್ಲವೂ ಬಹುಪಾಲು ಸಕ್ಕರೆಯೇ. ಬೆಲ್ಲದ ಕಾಫಿ ಲಿವರ್‌ಗೆ ಒಳ್ಳೆಯದೆಂದು ಕುಡಿಯುವವರಿದ್ದಾರೆ. ಲಿವರ್ ಆ ವ್ಯತ್ಯಾಸವನ್ನು ಎಣಿಸುವುದಿಲ್ಲ.

ಕಾಳುಗಳನ್ನು ಬಿಡಬೇಡಿ. ಕಾಳಿನ ನಾರು ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಅದನ್ನು ತಿಂದು ಅವು ಬಿಡುವ ಬ್ಯುಟಿರೇಟ್‌ನಂಥ ಆಮ್ಲಗಳೇ ಕರುಳಿನ ಒಳಪದರವನ್ನು ಬಿಗಿಯಾಗಿ ಇಡುವುದು. ಗ್ಯಾಸ್ ಎಬ್ಬಿಸುವುದು ಕಾಳಿನಲ್ಲಿರುವ ರಾಫಿನೋಸ್ ಜಾತಿಯ ಸಕ್ಕರೆಗಳು. ಅವು ನೀರಿನಲ್ಲಿ ಕರಗುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಸಾಕಷ್ಟು ಹೋಗುತ್ತವೆ, ಮೊಳಕೆ ಬರಿಸಿದರೆ ಇನ್ನೂ ಕಡಿಮೆಯಾಗುತ್ತವೆ. ಅವರೆಕಾಯಿ ಕಾಲದಲ್ಲಿ ಹಾಸನದಲ್ಲಿದ್ದುಕೊಂಡು ಅವರೆ ತಿನ್ನಬೇಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ನೆನೆಸಿ ಹಿಸುಕಿ ಸಿಪ್ಪೆ ತೆಗೆದ ಹಿತಕಿದ ಬೇಳೆಯನ್ನು ಸಣ್ಣ ಬಟ್ಟಲಿನಷ್ಟು ಮಧ್ಯಾಹ್ನದ ಊಟಕ್ಕೆ ತಿಂದು ನೋಡಿ, ರಾತ್ರಿಗೆ ಬೇಡ. ಆರಂಭಕ್ಕೆ ಹೆಸರುಬೇಳೆ ಹಗುರ. ಎರಡು ಚಮಚ ಬೆಂದ ಕಾಳಿನಿಂದ ಶುರು ಮಾಡಿ, ವಾರ ವಾರಕ್ಕೆ ಸ್ವಲ್ಪ ಏರಿಸಿ, ಕರುಳು ಒಗ್ಗಿಕೊಳ್ಳುತ್ತದೆ. ವೋಗ್ಲಿಬೋಸ್ ಇರುವಾಗಲೇ ಇದನ್ನು ಪರೀಕ್ಷಿಸಿ ಕಾಳಿನ ಮೇಲೆ ತಪ್ಪು ಹೊರಿಸಬೇಡಿ.

ರಾಗಿಯ ಬಗ್ಗೆ ಲಿವರ್ ವೈದ್ಯರು ಹೇಳಿದ್ದು ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಆದರೆ ರಾಗಿಯೂ ಪಿಷ್ಟವೇ. ಮುದ್ದೆ ಒಳ್ಳೆಯದೆಂದು ದೊಡ್ಡ ಮುದ್ದೆ ಮುರಿದು, ಮೇಲೆ ಎರಡು ಸಲ ಅನ್ನ ಬಡಿಸಿಕೊಂಡರೆ ಏನೂ ಬದಲಾಗದು. ಕಿತ್ತಳೆ ಗಾತ್ರದ ಒಂದು ಮುದ್ದೆ, ಅದರ ಎರಡರಷ್ಟು ಸೊಪ್ಪು, ಪಲ್ಯ, ಒಂದು ಬಟ್ಟಲು ಬಸ್ಸಾರು ಅಥವಾ ಹುರುಳಿ ಸಾರು, ಮೊಟ್ಟೆಯೋ ಮೀನೋ ತಿನ್ನುವವರಾದರೆ ಅದು. ಕೊನೆಗೆ ಅನ್ನ ಬೇಕೆನಿಸಿದರೆ ಮಜ್ಜಿಗೆಯೊಂದಿಗೆ ಒಂದು ಹಿಡಿ. ಸಕ್ಕರೆ ಕಾಯಿಲೆ ಬಂತೆಂದು ರಾತ್ರಿ ಚಪಾತಿಗೆ ಬದಲಾದವರಲ್ಲಿ ಹೊಟ್ಟೆ ಉಬ್ಬರ ಹೆಚ್ಚಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಅಂಶವಿದೆ, ಅದು ನಮ್ಮ ಸಣ್ಣ ಕರುಳಿನಲ್ಲಿ ಒಡೆಯುವುದಿಲ್ಲ. ನೀವೂ ಚಪಾತಿಗೆ ಬದಲಾಗಿದ್ದರೆ ಎರಡು ವಾರ ನಿಲ್ಲಿಸಿ ನೋಡಿ.

ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಫ್ರಕ್ಟಾನ್. ಅಡುಗೆಯ ರುಚಿಯನ್ನೇ ಬಲಿ ಕೊಡಬೇಕಾಗಿಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ದಪ್ಪ ಹೋಳುಗಳನ್ನು ಒಗ್ಗರಣೆಯ ಎಣ್ಣೆಯಲ್ಲಿ ಕೆಂಪಗೆ ಹುರಿದು ಹೋಳನ್ನು ತೆಗೆದುಬಿಟ್ಟರೆ ಪರಿಮಳ ಎಣ್ಣೆಯಲ್ಲಿ ಉಳಿಯುತ್ತದೆ, ಗ್ಯಾಸ್ ಮಾಡುವ ಅಂಶ ಹೋಳಿನ ಜೊತೆ ಹೋಗುತ್ತದೆ. ಇಂಗು ಇದ್ದೇ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಪಥ್ಯ ಇಂಥ ಎಲ್ಲ ಆಹಾರಗಳನ್ನೂ ಒಟ್ಟಿಗೆ ಬಿಡಿಸುತ್ತದೆ. ಐಬಿಎಸ್‌ಗೆ ಅದು ಕೆಲಸ ಮಾಡುತ್ತದೆ, ಆದರೆ ಅದು ನಾಲ್ಕರಿಂದ ಆರು ವಾರದ ಪರೀಕ್ಷೆ ಮಾತ್ರ. ಆಮೇಲೆ ಒಂದೊಂದನ್ನೇ ಮರಳಿ ತಂದು, ಯಾವುದು ಕಾಡುತ್ತದೋ ಅದನ್ನಷ್ಟೇ ಇಳಿಸಬೇಕು. ವರ್ಷಗಟ್ಟಲೆ ಕಾಳು, ತರಕಾರಿ ಬಿಟ್ಟು ಬರಿ ಅನ್ನ ತಿಳಿಸಾರಿನಲ್ಲಿ ಬದುಕುವ ಐಬಿಎಸ್ ರೋಗಿಗಳನ್ನು ನೋಡಿದ್ದೇನೆ. ಹೊಟ್ಟೆ ಸುಮ್ಮನಾಗುತ್ತದೆ, ಸಕ್ಕರೆ ಮತ್ತು ಲಿವರ್ ಎರಡೂ ಹದಗೆಡುತ್ತವೆ. ಇದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ, ಏಕೆಂದರೆ ಅವರು ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದವರು, ನಿಲ್ಲಿಸಲು ಯಾರೂ ಹೇಳಿರುವುದಿಲ್ಲ.

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ದಕ್ಷಿಣ ಭಾರತದಲ್ಲಿ ಬಹಳ ಜನರಿಗೆ ಪೂರ್ತಿ ಜೀರ್ಣವಾಗುವುದಿಲ್ಲ. ಲೋಟ ಹಾಲು ಬಿಡಿ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಇಸಬ್‌ಗೋಲು ಎರಡೂ ಕಡೆಗೆ ನೆರವಾಗುವ ಇನ್ನೊಂದು ವಸ್ತು. ಮಲಬದ್ಧತೆಯ ಮದ್ದೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಅದು ನೀರು ಹೀರಿ ಸಡಿಲ ಮಲವನ್ನೂ ಗಟ್ಟಿ ಮಾಡುತ್ತದೆ, ಕೆಟ್ಟ ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತದೆ. ಒಂದು ಚಮಚದಿಂದ ಶುರು, ದೊಡ್ಡ ಲೋಟ ನೀರಿನೊಂದಿಗೆ, ಬೇರೆ ಮಾತ್ರೆಗಳಿಂದ ಎರಡು ಗಂಟೆ ಅಂತರವಿರಲಿ.

ಕಾಫಿ ನಾಡಿನ ಮಗಳಿಗೆ ಕಾಫಿ ಬಿಡಿ ಎಂದದ್ದನ್ನು ನಾನು ಒಪ್ಪುವುದಿಲ್ಲ, ಮತ್ತು ಇದು ಊರಿನ ಅಭಿಮಾನದ ಮಾತಲ್ಲ. ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ಲಿವರ್ ಫೈಬ್ರೋಸಿಸ್ ಕಡಿಮೆ ಇರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಲಿವರ್ ವೈದ್ಯರು ರೋಗಿಗೆ ಖುಷಿಯಿಂದ ಹೇಳಬಹುದಾದ ಕೆಲವೇ ಸಲಹೆಗಳಲ್ಲಿ ಇದೂ ಒಂದು. ಕರುಳಿನ ವೈದ್ಯರ ಆಕ್ಷೇಪಕ್ಕೂ ಆಧಾರವಿದೆ: ಕಾಫಿ ಗಂಟಲಿನಿಂದ ಇಳಿದ ಕೆಲವೇ ನಿಮಿಷಗಳಲ್ಲಿ ದೊಡ್ಡ ಕರುಳು ಮಿಸುಕಾಡುತ್ತದೆ. ಹಾಗಾಗಿ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬೇಡ, ತಿಂಡಿಯ ನಂತರ ಕುಡಿಯಿರಿ. ಸಕ್ಕರೆ ಬಿಡಿ. ಮೂರು ಕಪ್‌ಗೆ ಎರಡೆರಡು ಚಮಚವೆಂದರೆ ಅಲ್ಲೇ 30 ಗ್ರಾಂ ಆಯಿತು. ಹಾಲು ಕಡಿಮೆ, ಡಿಕಾಕ್ಷನ್ ಹೆಚ್ಚು. ಇನ್ನು ಪುಡಿಯ ಪೊಟ್ಟಣದ ಹಿಂಬದಿ ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಅರ್ಧದ ಹತ್ತಿರದವರೆಗೆ, ಶೇ 49ರಷ್ಟು ಚಿಕೋರಿ ಇರಲು ನಮ್ಮ ನಿಯಮದಲ್ಲಿ ಅವಕಾಶವಿದೆ. ಚಿಕೋರಿ ಬೇರಿನ ತುಂಬ ಇರುವುದು ಇನುಲಿನ್, ಅದೂ ಫ್ರಕ್ಟಾನ್ ಜಾತಿಯದೇ. ಹುರಿಯುವಾಗ ಒಂದಿಷ್ಟು ಒಡೆದರೂ ಉಳಿದದ್ದು ಕೆರಳಿದ ಕರುಳಿಗೆ ಸಾಕು. ಕಾಫಿ ನನಗೆ ಆಗುವುದಿಲ್ಲ ಎಂದವರು ಚಿಕೋರಿ ಇಲ್ಲದ ಪುಡಿಗೆ ಬದಲಿಸಿ ಆರಾಮಾಗಿದ್ದಾರೆ. ತವರಿನಿಂದ ಬೀಜ ತಂದು ಪುಡಿ ಮಾಡಿಸುವ ಅನುಕೂಲ ನಿಮಗಿದೆ.

ತೂಕದ ಲೆಕ್ಕ ಸರಳ. ನಿಮ್ಮ 68 ಕೆ.ಜಿ.ಯಲ್ಲಿ ಮೂರೂವರೆ ಕೆ.ಜಿ. ಇಳಿದರೆ ಲಿವರ್‌ನ ಕೊಬ್ಬು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ, ಐದು ಇಳಿದರೆ ಉರಿಯೂತ ಇಳಿಯುತ್ತದೆ, ಏಳರ ಹತ್ತಿರ ಹೋದರೆ ಕಲೆ ಇದ್ದವರಲ್ಲಿ ಅದೂ ಹಿಂದೆ ಸರಿಯುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಸಾಕು. ಉಪವಾಸ ಬಿದ್ದು ಸರ್ರನೆ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ತೂಕ ಇಳಿಯದಿದ್ದರೂ ಲಿವರ್ ಕೊಬ್ಬನ್ನು ಕರಗಿಸುತ್ತದೆ. ಬೆಳಿಗ್ಗೆ ಶೌಚದ ಭಯದಿಂದ ಹೊರಗೆ ಹೋಗಲಾಗದಿದ್ದರೆ ಸಂಜೆ ಮಹಾರಾಜ ಪಾರ್ಕ್‌ನಲ್ಲಿ ನಡೆಯಿರಿ. ರಾತ್ರಿ ಊಟದ ಮೇಲೆ ಹದಿನೈದು ನಿಮಿಷ ಮನೆಯ ಮುಂದೆ ಓಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ, ಹೊಟ್ಟೆಯ ಗ್ಯಾಸೂ ಸರಾಗ.

ಲಿವರ್ ಶುದ್ಧಿಯ ಪುಡಿ ಬೇಡ. ಲಿವರ್ ಅನ್ನು ತೊಳೆಯುವ ಪುಡಿ ಯಾವುದೂ ಇಲ್ಲ. ತೂಕ ಇಳಿಸುವ ಮಾತ್ರೆಗಳಲ್ಲಿ ಗಾರ್ಸಿನಿಯಾ ಎಂಬ ಹೆಸರು ಕಂಡರೆ ಎಚ್ಚರ. ಅದು ನಮ್ಮ ಮಲೆನಾಡಿನ ಉಪ್ಪಾಗೆಯ ಸತ್ವ. ಸಾರಿಗೆ ಹುಳಿಯಾಗಿ ಹಾಕುವ ಉಪ್ಪಾಗೆಯಿಂದ ಭಯವಿಲ್ಲ, ಆದರೆ ಸತ್ವವನ್ನು ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದನ್ನು ನುಂಗಿದವರಲ್ಲಿ ಲಿವರ್‌ಗೆ ತೀವ್ರ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಕಂಡ ಲಿವರ್ ಉರಿಯೂತವನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮನೆಯ ಹಿತ್ತಲಿನ ಬಳ್ಳಿಯಾದ್ದರಿಂದ ಅಪಾಯವಿಲ್ಲ ಎಂದು ದಿನಾ ಕಷಾಯ ಕುಡಿಯಬೇಡಿ.

ಆಮಶಂಕೆ ಮಾತ್ರೆಯ ಅಭ್ಯಾಸವನ್ನೂ ಇಂದೇ ನಿಲ್ಲಿಸಿ. ಆ ಪಟ್ಟಿಗಳಲ್ಲಿ ಹೆಚ್ಚಾಗಿ ಎರಡು ಆಂಟಿಬಯಾಟಿಕ್ ಜೊತೆಯಾಗಿರುತ್ತವೆ. ಪ್ರತಿ ಸಲ ನುಂಗಿದಾಗಲೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ತೋಟಕ್ಕೆ ಬೆಂಕಿ ಇಟ್ಟಂತೆ. ನಾಲ್ಕು ದಿನ ಹೊಟ್ಟೆ ಸುಮ್ಮನಾಗುತ್ತದೆ, ಮತ್ತೆ ಮೊದಲಿಗಿಂತ ಜೋರಾಗಿ ಕೆರಳುತ್ತದೆ.

ಒಂದು ಎಚ್ಚರಿಕೆ ಉಳಿದಿದೆ. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಪ್ರಯತ್ನವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಒಡಹುಟ್ಟಿದವರಲ್ಲೋ ತಂದೆ ತಾಯಿಯಲ್ಲೋ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂಬ ಹಣೆಪಟ್ಟಿಯನ್ನು ನಂಬಿ ಕೂರಬಾರದು, ದೊಡ್ಡ ಕರುಳಿನೊಳಗೆ ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿ ಆಗಬೇಕು. ಇವು ಯಾವುವೂ ಇಲ್ಲದಿದ್ದರೂ, ನಿಮ್ಮ ವಯಸ್ಸಿನಲ್ಲಿ ಶೌಚದ ರೀತಿ ಬದಲಾಗಿರುವುದರಿಂದ ಹಿಮೋಗ್ಲೋಬಿನ್ ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕ್ಯಾಲ್‌ಪ್ರೊಟೆಕ್ಟಿನ್ ಸರಿಯಿದ್ದರೆ ಕರುಳಿನಲ್ಲಿ ಹುಣ್ಣಿನ ಉರಿಯೂತ ಇಲ್ಲವೆಂದು ಬಹುಮಟ್ಟಿಗೆ ತಿಳಿಯುತ್ತದೆ. ಫ್ಯಾಟಿ ಲಿವರ್ ಇದ್ದವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಲಿವರ್‌ಗಿಂತ ಹೃದಯದ ಕಾಯಿಲೆ. ಆದ್ದರಿಂದ ರಕ್ತದೊತ್ತಡ, ಕೊಲೆಸ್ಟರಾಲ್ ಕೂಡ ಲೆಕ್ಕದಲ್ಲಿರಲಿ. ಭಾರತ ಸರ್ಕಾರ 2021ರಲ್ಲಿ ಫ್ಯಾಟಿ ಲಿವರ್ ಅನ್ನೂ ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಸಕ್ಕರೆ, ಒತ್ತಡ ನೋಡಿಸಿಕೊಳ್ಳಬಹುದು.

ವೈದ್ಯರನ್ನು ಕಾಣುವ ಮೊದಲು ಒಂದು ಕೆಲಸ ಮಾಡಿ. ಹಳೆಯ ನೋಟುಪುಸ್ತಕದಲ್ಲಿ ಹದಿನಾಲ್ಕು ದಿನ ಬರೆದಿಡಿ: ಎಷ್ಟು ಹೊತ್ತಿಗೆ ಏನು ತಿಂದಿರಿ, ಮಾತ್ರೆ ಯಾವಾಗ, ಕಾಫಿ ಯಾವಾಗ, ಶೌಚಕ್ಕೆ ಎಷ್ಟು ಸಲ, ಗಟ್ಟಿಯೋ ನೀರೋ, ನೋವು ಇತ್ತೋ ಇಲ್ಲವೋ. ಆ ಪುಸ್ತಕ, ಮಾತ್ರೆಯ ಪಟ್ಟಿ, ಸ್ಕ್ಯಾನಿಂಗ್ ವರದಿ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಸಕ್ಕರೆ ನೋಡುವ ವೈದ್ಯರಲ್ಲಿಗೇ ಮೊದಲು ಹೋಗಿ.